ಗಂಟಲು ಕ್ಯಾನ್ಸರ್‌ಗೆ ವಿಕಿರಣ: ಡೋಸ್ ಎಲ್ಲಿ ಇಳಿಸಬೇಕು, ಎಲ್ಲಿ ಮುಟ್ಟಬಾರದು

ಗಂಟಲು ಕ್ಯಾನ್ಸರ್‌ಗೆ ಪೂರ್ತಿ ವಿಕಿರಣ ಚಿಕಿತ್ಸೆ ಎಂದರೆ ಸಾಮಾನ್ಯವಾಗಿ 70 ಗ್ರೇ (ವಿಕಿರಣದ ಡೋಸ್ ಅಳೆಯುವ ಮಾನ). ದಿನಕ್ಕೆ 2 ಗ್ರೇ, ವಾರಕ್ಕೆ ಐದು ದಿನ, 35 ಕಂತು, ಏಳು ವಾರ. ಜೊತೆಗೆ ಸಿಸ್‌ಪ್ಲಾಟಿನ್ ಕೀಮೋ. ಗಡ್ಡೆಯನ್ನು ಇದು ಚೆನ್ನಾಗಿಯೇ ಸುಡುತ್ತದೆ. ಹಾಗೆಯೇ ಜೊಲ್ಲುಗ್ರಂಥಿ, ನುಂಗುವ ಸ್ನಾಯು, ನಾಲಿಗೆಯ ರುಚಿ, ದವಡೆಮೂಳೆ ಎಲ್ಲಕ್ಕೂ ಬಿಸಿ ಮುಟ್ಟಿಸುತ್ತದೆ. ಹಾಗಾಗಿಯೇ ಮನೆಯವರು ಮೊದಲು ಕೇಳುವುದು: “ಡೋಸ್ ಸ್ವಲ್ಪ ಕಮ್ಮಿ ಮಾಡಬಹುದಾ ಡಾಕ್ಟ್ರೇ?”

ಇದಕ್ಕೆ ಎರಡು ಉತ್ತರ ಇದೆ. ಗಡ್ಡೆಯ ಮೇಲೆಯೇ ಬೀಳುವ ಡೋಸನ್ನು ಇಳಿಸುವುದು ಕೆಲವೇ ಮಂದಿಗೆ ಸಲ್ಲುವ ಮಾತು, ಅದೂ ಕ್ಲಿನಿಕಲ್ ಟ್ರಯಲ್ ಒಳಗೆ ಅಥವಾ ಆಪರೇಷನ್ ಆದ ಮೇಲೆ. ಗಡ್ಡೆಯ ಸುತ್ತಲಿನ ಒಳ್ಳೆಯ ಭಾಗಗಳ ಮೇಲೆ ಬೀಳುವ ಡೋಸನ್ನು ಇಳಿಸುವುದು ಹೆಚ್ಚುಕಡಿಮೆ ಎಲ್ಲರಿಗೂ ಸಾಧ್ಯ. ಜನ ಓಡುವುದು ಮೊದಲನೆಯದರ ಹಿಂದೆ, ಲಾಭ ಹೆಚ್ಚು ಇರುವುದು ಎರಡನೆಯದರಲ್ಲಿ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಹೆಚ್ಚು ಜಾಗ ಎರಡನೆಯದಕ್ಕೆ.

ಯಾವ ಗಂಟಲು?

“ಗಂಟಲು ಕ್ಯಾನ್ಸರ್” ಅನ್ನುವುದು ಸಡಿಲವಾದ ಮಾತು. ಟಾನ್ಸಿಲ್, ನಾಲಿಗೆಯ ಬುಡ, ಮೃದು ಅಂಗುಳ, ಬಾಯಿ ತೆರೆದರೆ ಕಾಣುವ ಹಿಂಗೋಡೆ ಸೇರಿದ್ದು ಓರೋಫ್ಯಾರಿಂಕ್ಸ್. ಧ್ವನಿಪೆಟ್ಟಿಗೆ ಬೇರೆ. ಅದರ ಹಿಂದೆ, ಅನ್ನನಾಳಕ್ಕಿಂತ ಮೇಲೆ ಇರುವ ಹೈಪೋಫ್ಯಾರಿಂಕ್ಸ್ ಇನ್ನೂ ಬೇರೆ. ಗಡ್ಡೆಯ ಡೋಸ್ ಇಳಿಸುವ ಪ್ರಯೋಗಗಳ ಮುಖ್ಯ ನೆಲೆ ಒಂದೇ: ಎಚ್‌ಪಿವಿ ವೈರಸ್‌ನಿಂದ ಬಂದ ಓರೋಫ್ಯಾರಿಂಕ್ಸ್ ಕ್ಯಾನ್ಸರ್. ಹೊಗೆಸೊಪ್ಪು, ಮದ್ಯದಿಂದ ಬಂದ ಕ್ಯಾನ್ಸರ್‌ಗೆ ಆ ಲೆಕ್ಕ ಹೊಂದುವುದಿಲ್ಲ. ಧ್ವನಿತಂತುವಿನ ತೀರಾ ಆರಂಭದ ಗಡ್ಡೆಗೆ ಹೇಗೂ ಕಿರಿದಾದ ಜಾಗಕ್ಕಷ್ಟೇ ವಿಕಿರಣ ಕೊಡುತ್ತಾರೆ. ದಿನಕ್ಕೆ 2.25 ಗ್ರೇಯಂತೆ 28 ಕಂತಿನಲ್ಲಿ 63 ಗ್ರೇ ಕೊಡುವುದು ರೂಢಿ, ಕತ್ತಿನ ಗಂಟುಗಳಿಗೆ (ಕ್ಯಾನ್ಸರ್ ಹಬ್ಬಬಹುದಾದ ದುಗ್ಧಗ್ರಂಥಿಗಳಿಗೆ) ಏನೂ ಇಲ್ಲ. ಅಲ್ಲಿ ಇಳಿಸುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ.

ಎಚ್‌ಪಿವಿ ಗಡ್ಡೆ ವಿಕಿರಣಕ್ಕೆ ಬೇಗ ಬಗ್ಗುವುದಕ್ಕೆ ಕಾರಣ ಇದೆ. ಹೊಗೆಸೊಪ್ಪಿನ ಗಡ್ಡೆಯಲ್ಲಿ ಪಿ53 ಎಂಬ ಕಾವಲು ಜೀನ್ ಸಾಮಾನ್ಯವಾಗಿ ಕೆಟ್ಟೇ ಹೋಗಿರುತ್ತದೆ. ಎಚ್‌ಪಿವಿ ಗಡ್ಡೆಯಲ್ಲಿ ಜೀನ್ ಸರಿಯಾಗಿಯೇ ಇರುತ್ತದೆ, ವೈರಸ್ಸಿನ ಇ6 ಪ್ರೋಟೀನು ಪಿ53 ಪ್ರೋಟೀನನ್ನು ಒಡೆದು ಹಾಕುತ್ತಿರುತ್ತದೆ ಅಷ್ಟೆ. ಇಷ್ಟರಿಂದಲೇ ಎಲ್ಲ ಆಗುತ್ತದೆ ಎಂದಲ್ಲ, ಆದರೆ ಫಲಿತಾಂಶದ ಅಂತರ ದೊಡ್ಡದು. ಆರ್‌ಟಿಒಜಿ 0129 ಪ್ರಯೋಗದ 2010ರ ವಿಶ್ಲೇಷಣೆಯಲ್ಲಿ ಮೂರು ವರ್ಷ ಬದುಕುಳಿದವರು ಎಚ್‌ಪಿವಿ ಇದ್ದವರಲ್ಲಿ ಶೇ 82.4, ಇಲ್ಲದವರಲ್ಲಿ ಶೇ 57.1. ಎಚ್‌ಪಿವಿ ಇದ್ದವರಲ್ಲಿ ನಡುವಯಸ್ಸಿನವರು ಬಹಳ. ಗುಣವಾದ ಮೇಲೆ ಒಣಬಾಯಿ ಇಟ್ಟುಕೊಂಡು ಇಪ್ಪತ್ತು-ಮೂವತ್ತು ವರ್ಷ ಬಾಳಬೇಕು. ಡೋಸ್ ಇಳಿಸುವ ಚಿಂತೆ ಹುಟ್ಟಿದ್ದು ಹೀಗೆ.

ರಿಪೋರ್ಟಿನಲ್ಲಿ ನೋಡಬೇಕಾದ ಮೂರು ಸಾಲು

ಮೊದಲನೆಯದು ಪಿ16. ಬಯಾಪ್ಸಿಯ ತುಣುಕಿಗೆ ಬಣ್ಣ ಹಾಕಿ ನೋಡುವ ಈ ಪರೀಕ್ಷೆ ಪಾಸಿಟಿವ್ ಎನ್ನಬೇಕಾದರೆ ಕನಿಷ್ಠ ಶೇ 70ರಷ್ಟು ಗಡ್ಡೆಯ ಕೋಶಗಳಲ್ಲಿ ಬಣ್ಣ ಗಾಢವಾಗಿ ಹತ್ತಿರಬೇಕು. “ಫೋಕಲ್ ಪಾಸಿಟಿವ್”, “ಅಲ್ಲಲ್ಲಿ ಪಾಸಿಟಿವ್” ಎಂದು ಬರೆದಿದ್ದರೆ ಅದು ಪಾಸಿಟಿವ್ ಅಲ್ಲ. ಇನ್ನೊಂದು ತೊಡಕು ಇದೆ. ಪಿ16 ವೈರಸ್ಸಿನ ಗುರುತು, ವೈರಸ್ಸೇ ಅಲ್ಲ. 7,654 ರೋಗಿಗಳ ಮಾಹಿತಿ ಒಟ್ಟುಗೂಡಿಸಿ 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 9.2 ಮಂದಿಯಲ್ಲಿ ಪಿ16 ಒಂದು ಹೇಳಿದರೆ ಎಚ್‌ಪಿವಿ ಪರೀಕ್ಷೆ ಇನ್ನೊಂದು ಹೇಳಿತು. ಎರಡೂ ಪಾಸಿಟಿವ್ ಇದ್ದವರಲ್ಲಿ ಐದು ವರ್ಷ ಬದುಕುಳಿದವರು ಶೇ 81.1. ಪಿ16 ಪಾಸಿಟಿವ್, ಎಚ್‌ಪಿವಿ ನೆಗೆಟಿವ್ ಇದ್ದವರಲ್ಲಿ ಶೇ 54.7. ಪಿ16 ಒಂದನ್ನೇ ನಂಬಿ ಡೋಸ್ ಇಳಿಸಿದರೆ ಪೆಟ್ಟು ಬೀಳುವುದು ಈ ಎರಡನೇ ಗುಂಪಿಗೆ. ಆದ್ದರಿಂದ ಚಿಕಿತ್ಸೆ ಇಳಿಸುವ ಮಾತು ಬಂದ ಕೂಡಲೇ ಅದೇ ಬಯಾಪ್ಸಿ ಬ್ಲಾಕಿನ ಮೇಲೆ ಎಚ್‌ಪಿವಿಯ ಡಿಎನ್‌ಎ ಅಥವಾ ಆರ್‌ಎನ್‌ಎ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಹೊಸ ಬಯಾಪ್ಸಿ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಎರಡನೆಯದು ಸಿಗರೇಟಿನ ಲೆಕ್ಕ. ದಿನಕ್ಕೆ 20 ಸಿಗರೇಟು ಒಂದು ವರ್ಷ ಸೇದಿದರೆ ಒಂದು ಪ್ಯಾಕ್-ವರ್ಷ. ದಿನಕ್ಕೆ ಹತ್ತರಂತೆ 20 ವರ್ಷ ಸೇದಿದರೆ ಹತ್ತು. ಆ ಹತ್ತು ದಾಟಿದವರಲ್ಲಿ, ಎಚ್‌ಪಿವಿ ಇದ್ದರೂ, ಕ್ಯಾನ್ಸರ್ ಮರಳುವ ಸಂಭವ ಹೆಚ್ಚು. ಡಾಕ್ಟರ ಮುಂದೆ ಲೆಕ್ಕ ಕಡಿಮೆ ಮಾಡಿ ಹೇಳುವವರು ತಮ್ಮ ಚಿಕಿತ್ಸೆಯನ್ನೇ ತಪ್ಪು ಅಳತೆಗೆ ಹೊಲಿಸಿಕೊಂಡಂತೆ.

ಮೂರನೆಯದು ಸ್ಟೇಜ್. 2018ರಿಂದ ಬಳಕೆಗೆ ಬಂದ ಎಂಟನೇ ಆವೃತ್ತಿಯ ವರ್ಗೀಕರಣದಲ್ಲಿ ಪಿ16 ಪಾಸಿಟಿವ್ ಕ್ಯಾನ್ಸರ್‌ಗೆ ಬೇರೆಯದೇ ಪಟ್ಟಿ ಇದೆ. ಒಂದೇ ಪಕ್ಕದ ಕತ್ತಿನಲ್ಲಿ ಹಲವು ಗಂಟು, ಒಂದೊಂದೂ 6 ಸೆಂಟಿಮೀಟರ್ ಒಳಗೆ, ಗಡ್ಡೆ ಸಣ್ಣದು ಅಂದರೆ ಅದರಲ್ಲಿ ಸ್ಟೇಜ್ 1. ಹಳೆಯ ಪಟ್ಟಿಯಲ್ಲಿ ಅದೇ ರೋಗ ಸ್ಟೇಜ್ 4ಎ. “ಸ್ಟೇಜ್ ಒಂದೇ ತಾನೆ, ಏಳು ವಾರ ಯಾಕೆ?” ಎಂಬ ಜಗಳ ಹುಟ್ಟುವುದು ಇಲ್ಲಿಂದಲೇ. ಬದಲಾಗಿದ್ದು ಗುಣವಾಗುವ ಅಂದಾಜು. ಆ ಒಳ್ಳೆಯ ಅಂದಾಜು ಬಂದದ್ದು ಪೂರ್ತಿ ಚಿಕಿತ್ಸೆ ತೆಗೆದುಕೊಂಡವರಿಂದ.

ಗಡ್ಡೆಯ ಡೋಸ್ ಇಳಿಸಿ ನೋಡಿದಾಗ ಏನಾಯಿತು

ಮೊದಲ ಯತ್ನ ಕೀಮೋ ಬದಲಿಸುವುದಾಗಿತ್ತು. ಸಿಸ್‌ಪ್ಲಾಟಿನ್ ಬದಲು ಸೆಟುಕ್ಸಿಮ್ಯಾಬ್ ಎಂಬ ಬೇರೆ ಬಗೆಯ ಔಷಧಿ ಕೊಟ್ಟರೆ ಕಾಟ ಕಡಿಮೆ ಆಗುತ್ತದೆಂದು ನಂಬಿ ದೊಡ್ಡ ಪ್ರಯೋಗಗಳು ನಡೆದವು. 2019ರಲ್ಲಿ ಬಂದ ಆರ್‌ಟಿಒಜಿ 1016ರಲ್ಲಿ ಐದು ವರ್ಷದ ಬದುಕುಳಿವು ಶೇ 84.6ರಿಂದ 77.9ಕ್ಕೆ ಇಳಿಯಿತು. ಅದೇ ವರ್ಷದ ಡಿ-ಎಸ್ಕಲೇಟ್ ಪ್ರಯೋಗದಲ್ಲೂ ಬದುಕುಳಿವು ಕುಸಿಯಿತು, ತೀವ್ರ ಅಡ್ಡಪರಿಣಾಮ ಮಾತ್ರ ಕಡಿಮೆ ಆಗಲಿಲ್ಲ. ಸಿಸ್‌ಪ್ಲಾಟಿನ್ ತಡೆದುಕೊಳ್ಳಬಲ್ಲವರಿಗೆ ಈ ದಾರಿ ಮುಚ್ಚಿದೆ.

ಆಮೇಲೆ ಡೋಸ್. ಎನ್‌ಆರ್‌ಜಿ-ಎಚ್‌ಎನ್002 ಪ್ರಯೋಗದಲ್ಲಿ ಸಿಗರೇಟು ಕಡಿಮೆ ಸೇದಿದ, ಅಪಾಯ ಕಡಿಮೆ ಇರುವ ರೋಗಿಗಳಿಗೆ 60 ಗ್ರೇ ಜೊತೆಗೆ ವಾರವಾರ ಸಿಸ್‌ಪ್ಲಾಟಿನ್ ಕೊಟ್ಟಾಗ ಎರಡು ವರ್ಷಕ್ಕೆ ರೋಗ ಮುಂದುವರಿಯದೆ ಇದ್ದವರು ಶೇ 90.5. ಕೀಮೋ ಇಲ್ಲದೆ ಐದು ವಾರದಲ್ಲಿ 60 ಗ್ರೇ ಮುಗಿಸಿದವರಲ್ಲಿ ಶೇ 87.6. ಇದನ್ನು ಕೇಳಿ ಹಲವರು 60 ಗ್ರೇ ಸಾಕು ಎಂದುಕೊಂಡರು. ಆದರೆ ಆ ಪ್ರಯೋಗದಲ್ಲಿ 70 ಗ್ರೇಯ ಗುಂಪೇ ಇರಲಿಲ್ಲ. ಅದನ್ನು ಪಕ್ಕದಲ್ಲಿಟ್ಟು ನೋಡಿದ್ದು ಎಚ್‌ಎನ್005. 2024ರಲ್ಲಿ ಹೊರಬಂದ ಅದರ ಲೆಕ್ಕದಲ್ಲಿ ಎರಡು ವರ್ಷಕ್ಕೆ ರೋಗ ಮುಂದುವರಿಯದವರು: 70 ಗ್ರೇ ಮತ್ತು ಸಿಸ್‌ಪ್ಲಾಟಿನ್ ಗುಂಪಿನಲ್ಲಿ ಶೇ 98.1, 60 ಗ್ರೇ ಮತ್ತು ಸಿಸ್‌ಪ್ಲಾಟಿನ್‌ನಲ್ಲಿ ಶೇ 88.6, 60 ಗ್ರೇ ಮತ್ತು ನಿವೊಲುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧಿಯಲ್ಲಿ ಶೇ 90.3. ಹೊಸ ವಿಧಾನ ತನ್ನಷ್ಟಕ್ಕೆ ಎಷ್ಟೇ ಚೆನ್ನಾಗಿ ಕಂಡರೂ ಹಳೆಯದರ ಎದುರು ನಿಲ್ಲಿಸುವ ತನಕ ನಂಬಬಾರದು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಈ ಕ್ಷೇತ್ರದಲ್ಲಿ ಇಲ್ಲ. ಹಾಗಾಗಿ ಟ್ರಯಲ್ ಹೊರಗೆ ಯಾರಾದರೂ “ನಿಮಗೆ 60 ಸಾಕು” ಎಂದರೆ, ಆಪರೇಷನ್ ಆಗಿಲ್ಲದಿದ್ದರೆ, ಎರಡನೇ ಅಭಿಪ್ರಾಯ ಕೇಳಿ.

ಆಪರೇಷನ್ ಆದವರ ಕಥೆ ಬೇರೆ. ಬಾಯಿಯ ಮೂಲಕವೇ, ಹಲವೆಡೆ ರೋಬೋಟ್ ನೆರವಿನಿಂದ, ಟಾನ್ಸಿಲ್ ಅಥವಾ ನಾಲಿಗೆ ಬುಡದ ಗಡ್ಡೆ ತೆಗೆದು, ಕತ್ತಿನ ಗಂಟುಗಳನ್ನೂ ತೆಗೆದು, ಆಮೇಲೆ ಪೆಥಾಲಜಿ ನೋಡಿ ವಿಕಿರಣ ನಿರ್ಧರಿಸುವ ದಾರಿ ಇದು. ಇಸಿಒಜಿ-ಇ3311 ಪ್ರಯೋಗದಲ್ಲಿ ನಡುಮಟ್ಟದ ಅಪಾಯ ಇದ್ದವರಿಗೆ, ಅಂದರೆ ಎರಡರಿಂದ ನಾಲ್ಕು ಗಂಟು, ಗಂಟಿನ ಹೊದಿಕೆ ಒಡೆದು ಹೊರಬಂದದ್ದು 1 ಮಿಲಿಮೀಟರ್ ಒಳಗೆ, ಅಥವಾ ಕತ್ತರಿಸಿದ ಅಂಚು ಗಡ್ಡೆಗೆ ಹತ್ತಿರ ಇದ್ದವರಿಗೆ, 50 ಗ್ರೇ ಮತ್ತು 60 ಗ್ರೇ ಎರಡನ್ನೂ ಕೀಮೋ ಇಲ್ಲದೆ ಕೊಟ್ಟರು. ಎರಡು ವರ್ಷಕ್ಕೆ ರೋಗ ಮುಂದುವರಿಯದವರು ಕ್ರಮವಾಗಿ ಶೇ 94.9 ಮತ್ತು 96.0. ಇಲ್ಲಿ 50 ಗ್ರೇಗೆ ಒಂದು ನೆಲೆ ಇದೆ.

ಆದರೆ ಸ್ಕ್ಯಾನ್‌ನಲ್ಲೇ ಗಂಟಿನ ಹೊದಿಕೆ ಒಡೆದದ್ದು ಕಾಣುತ್ತಿದ್ದರೆ ಆಪರೇಷನ್ನಿನಿಂದ ಏನೂ ಉಳಿತಾಯವಿಲ್ಲ. ಆಪರೇಷನ್, ವಿಕಿರಣ, ಕೀಮೋ ಮೂರೂ ತಲೆಗೆ ಕಟ್ಟಿಕೊಂಡು ಮೂರರ ಕಾಟವನ್ನೂ ಅನುಭವಿಸಬೇಕಾಗುತ್ತದೆ. ಆಪರೇಷನ್ ಸೌಮ್ಯ ದಾರಿ ಎಂಬುದೂ ಪೂರ್ತಿ ನಿಜವಲ್ಲ. ಓರೇಟರ್-2 ಪ್ರಯೋಗವನ್ನು ಆಪರೇಷನ್ ಗುಂಪಿನಲ್ಲಾದ ಸಾವುಗಳ ಕಾರಣ ಬೇಗ ನಿಲ್ಲಿಸಬೇಕಾಯಿತು. ಈ ಕೆಲಸವನ್ನು ಸದಾ ಮಾಡುವ ಕೈ ಸಿಕ್ಕರಷ್ಟೇ ಆ ಕಡೆ ಹೋಗುವುದು ಒಳ್ಳೆಯದು.

ಟ್ರಯಲ್ ಇಲ್ಲದೆಯೂ ಇಳಿಸಬಹುದಾದ ಒಂದು ಸಂಗತಿ ಎಷ್ಟೋ ಸಲ ಮರೆತುಹೋಗುತ್ತದೆ. ಗಡ್ಡೆ ಸಣ್ಣದಿದ್ದು, ಕತ್ತಿನಲ್ಲಿ ಗಂಟು ಇಲ್ಲದಿದ್ದರೆ ಅಥವಾ 3 ಸೆಂಟಿಮೀಟರ್ ಒಳಗಿನ ಒಂದೇ ಗಂಟು ಇದ್ದರೆ, ಕೀಮೋ ಇಲ್ಲದೆ ಪೂರ್ತಿ ಡೋಸ್ ವಿಕಿರಣ ಮಾತ್ರ ಕೊಡುವುದು ಒಪ್ಪಿತ ಪದ್ಧತಿ. 70 ವರ್ಷ ದಾಟಿದವರಲ್ಲೂ ಕೀಮೋ ಸೇರಿಸುವುದರ ಲಾಭ ಬಹಳ ಸಣ್ಣದು. “ನನಗೆ ಕೀಮೋ ಬೇಕೇ ಬೇಕಾ, ಯಾಕೆ?” ಎನ್ನುವ ಪ್ರಶ್ನೆಗೆ ಗ್ರೇ ಲೆಕ್ಕದ ಪ್ರಶ್ನೆಗಿಂತ ಹೆಚ್ಚು ಬೆಲೆ ಇದೆ.

ಪ್ಲಾನಿಂಗ್: ನಿಜವಾದ ಉಳಿತಾಯ

ಮಾಸ್ಕ್ ಹಾಕುವ ದಿನದಿಂದ ಶುರು. ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಲರಿಯನ್ನು ತಲೆ, ಕತ್ತು, ಭುಜದ ಮೇಲೆ ಎಳೆದು ಕೂರಿಸುತ್ತಾರೆ, ಕೆಲವೇ ನಿಮಿಷದಲ್ಲಿ ಅದು ಗಟ್ಟಿಯಾಗುತ್ತದೆ. ಗಡ್ಡ ತೆಗೆಸುವುದು, ಕೂದಲು ಕತ್ತರಿಸುವುದು ಏನಿದ್ದರೂ ಅದಕ್ಕೆ ಮುಂಚೆ. ದಟ್ಟ ಗಡ್ಡದ ಮೇಲೆ ಮಾಸ್ಕ್ ಮಾಡಿಸಿ ಆಮೇಲೆ ಬೋಳಿಸಿದರೆ ಗಲ್ಲದ ಹತ್ತಿರ ಸಡಿಲವಾಗುತ್ತದೆ. ಕೆಲವು ಮಿಲಿಮೀಟರ್ ಸಡಿಲ ಎಂದರೆ, ಆ ಅಲುಗಾಟವನ್ನು ಸರಿದೂಗಿಸಲು ಗಡ್ಡೆಯ ಸುತ್ತ ಅಷ್ಟೇ ಹೆಚ್ಚುವರಿ ಅಂಚು ಬಿಡಬೇಕು. ಆ ಅಂಚಿನಲ್ಲೇ ನುಂಗುವ ಸ್ನಾಯು ಇರುತ್ತದೆ. ಕಟ್ಟುಹಲ್ಲು ಇದ್ದರೆ ಹಾಕಿಕೊಂಡಿರಬೇಕೇ ತೆಗೆಯಬೇಕೇ ಎಂದು ಆ ದಿನವೇ ತೀರ್ಮಾನಿಸಿ, ಮುಗಿಯುವ ತನಕ ಹಾಗೆಯೇ ನಡೆಸಿ. ಸ್ಕ್ಯಾನ್ ಓಡುವಾಗ ಎಂಜಲು ನುಂಗಬೇಡಿ. ನುಂಗಿದರೆ ಧ್ವನಿಪೆಟ್ಟಿಗೆ ಮೇಲೆ ಜಿಗಿದು, ಚಿತ್ರ ತಪ್ಪು ಜಾಗದಲ್ಲಿ ಮೂಡುತ್ತದೆ.

ಪ್ಲಾನ್ ಐಎಂಆರ್‌ಟಿ ಆಗಿರಬೇಕು, ಅಥವಾ ಅದರದೇ ವೇಗದ ರೂಪವಾದ ವಿಮ್ಯಾಟ್. ಕಿರಣವನ್ನು ಹಲವು ದಿಕ್ಕಿನಿಂದ, ಹಲವು ತೀವ್ರತೆಯಲ್ಲಿ ಬಿಟ್ಟು ಗಡ್ಡೆಯ ಆಕಾರಕ್ಕೆ ಡೋಸನ್ನು ಕೆತ್ತುವುದು ಅದರ ಗುಣ. 2011ರಲ್ಲಿ ಬಂದ ಪಾರ್‌ಸ್ಪೋರ್ಟ್ ಪ್ರಯೋಗದಲ್ಲಿ ಹಳೆಯ ವಿಧಾನದವರಲ್ಲಿ ವರ್ಷದ ಬಳಿಕವೂ ಮಧ್ಯಮ ಅಥವಾ ಅದಕ್ಕಿಂತ ಹೆಚ್ಚಿನ ಮಟ್ಟದ ಒಣಬಾಯಿ ಇದ್ದವರು ಶೇ 74, ಐಎಂಆರ್‌ಟಿಯಲ್ಲಿ ಶೇ 38. ಗಡ್ಡೆಯ ಡೋಸ್ ಎರಡರಲ್ಲೂ ಒಂದೇ.

ಪ್ಲಾನ್ ಮುಗಿದಾಗ ಪ್ರತಿ ಅಂಗಕ್ಕೆ ಎಷ್ಟು ಡೋಸ್ ಎಂಬ ಪಟ್ಟಿ, ಡಿವಿಎಚ್ ಎನ್ನುವ ಗೆರೆಚಿತ್ರ ಸಿದ್ಧವಾಗುತ್ತದೆ. ಅದನ್ನು ನೋಡಲು ಕೇಳಬಹುದು. ಗಮನಿಸಬೇಕಾದ ಸಂಖ್ಯೆಗಳು ಇವು.

ಕಿವಿಯ ಮುಂದೆ-ಕೆಳಗೆ ಇರುವ ಪ್ಯಾರೋಟಿಡ್ ಜೊಲ್ಲುಗ್ರಂಥಿಗೆ ಸರಾಸರಿ 26 ಗ್ರೇ ಒಳಗೆ. ಎರಡನ್ನೂ ಉಳಿಸಲಾಗದಿದ್ದರೆ ಗಡ್ಡೆ ಇಲ್ಲದ ಪಕ್ಕದ್ದನ್ನು 20 ಗ್ರೇ ಒಳಗೆ. ದವಡೆಯ ಅಡಿಯ ಜೊಲ್ಲುಗ್ರಂಥಿಗೆ 35ರಿಂದ 39 ಗ್ರೇ ಒಳಗೆ. ಊಟದ ಹೊತ್ತಿನ ಜೊಲ್ಲು ಹೆಚ್ಚಾಗಿ ಪ್ಯಾರೋಟಿಡ್‌ನದು, ಸುಮ್ಮನಿರುವಾಗ, ರಾತ್ರಿ ಮಲಗಿದಾಗ ಬಾಯಿ ಒದ್ದೆ ಇಡುವುದು ಈ ದವಡೆಯಡಿಯ ಗ್ರಂಥಿ. ಪ್ಯಾರೋಟಿಡ್ ಉಳಿಸಿಯೂ ನಡುರಾತ್ರಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಎಚ್ಚರವಾಗುವವರಲ್ಲಿ ಏಟು ತಿಂದಿರುವುದು ಹೆಚ್ಚಾಗಿ ಈ ಗ್ರಂಥಿ. ಗಡ್ಡೆಯ ಹೊರಗಿನ ಬಾಯೊಳಗೆ ಸರಾಸರಿ 30ರಿಂದ 40 ಗ್ರೇ ಒಳಗೆ. ಧ್ವನಿಪೆಟ್ಟಿಗೆಗೆ 40ರಿಂದ 45 ಒಳಗೆ. ದವಡೆಮೂಳೆಯ ಯಾವ ಚುಕ್ಕೆಗೂ 70 ಮೀರಬಾರದು.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಗಂಟಲನ್ನು ಹಿಂಡಿ ತುತ್ತನ್ನು ಕೆಳಗೆ ತಳ್ಳುವ ಕನ್‌ಸ್ಟ್ರಿಕ್ಟರ್ ಸ್ನಾಯುಗಳು. ಗಂಟಲಿನ ಹಿಂಗೋಡೆಯುದ್ದಕ್ಕೂ ತೆಳುವಾಗಿ ಹಾಸಿಕೊಂಡಿರುವ ಇವುಗಳಿಗೆ 55 ಗ್ರೇ ದಾಟಿದ ಮೇಲೆ ನುಂಗುವ ತೊಂದರೆ ಕಡಿದಾಗಿ ಏರುತ್ತದೆ. 2023ರಲ್ಲಿ ಪ್ರಕಟವಾದ ಡಾರ್ಸ್ ಪ್ರಯೋಗ ಇವನ್ನೇ ಗುರಿಯಿಟ್ಟಿತು. ಬ್ರಿಟನ್ ಮತ್ತು ಐರ್ಲೆಂಡಿನ 112 ರೋಗಿಗಳು. ಗಡ್ಡೆಗೆ ಎಲ್ಲರಿಗೂ 65 ಗ್ರೇ, 30 ಕಂತು (ಅಲ್ಲಿನ ಪೂರ್ತಿ ಡೋಸ್). ಅರ್ಧ ಜನರಿಗೆ ಮಾತ್ರ ಹೆಚ್ಚು ಡೋಸಿನ ವಲಯದ ಹೊರಗಿರುವ ಈ ಸ್ನಾಯುವಿನ ಸರಾಸರಿ 50 ಗ್ರೇ ಮೀರದಂತೆ ಪ್ಲಾನ್ ಮಾಡಿದರು. ವರ್ಷದ ನಂತರ ನುಂಗುವಿಕೆಯ ಅಂಕ (ಹೆಚ್ಚಿದ್ದಷ್ಟೂ ಒಳ್ಳೆಯದು) ಇವರಲ್ಲಿ 77.7, ಉಳಿದವರಲ್ಲಿ 70.6. ಇದಕ್ಕೆ ಹೊಸ ಯಂತ್ರ ಬೇಕಾಗಿಲ್ಲ, ಹೊಸ ಔಷಧಿ ಬೇಕಾಗಿಲ್ಲ. ಪ್ಲಾನ್ ಮಾಡುವವರು ಆ ಸ್ನಾಯುವನ್ನು ಸ್ಕ್ಯಾನ್ ಮೇಲೆ ಗೆರೆ ಎಳೆದು ಗುರುತಿಸಬೇಕು, ಅಷ್ಟೇ. ಗೆರೆ ಎಳೆಯದ ಅಂಗ ಕಂಪ್ಯೂಟರಿನ ಲೆಕ್ಕಕ್ಕೆ ಇಲ್ಲವೇ ಇಲ್ಲ. “ನುಂಗುವ ಸ್ನಾಯುವನ್ನು ಗುರುತು ಮಾಡಿದ್ದೀರಾ?” ಎಂಬ ಒಂದು ಪ್ರಶ್ನೆಯನ್ನಾದರೂ ಮರೆಯದೆ ಕೇಳಿ.

ಒಂದೇ ಪಕ್ಕದ ಕತ್ತಿಗೆ ಕೊಡುವುದು ಇನ್ನೊಂದು ದೊಡ್ಡ ಉಳಿತಾಯ. ಟಾನ್ಸಿಲ್ ಗಡ್ಡೆ ಸಣ್ಣದಾಗಿ ಪಕ್ಕದಲ್ಲೇ ಇದ್ದು, ನಾಲಿಗೆ ಬುಡಕ್ಕಾಗಲಿ ಮೃದು ಅಂಗುಳಕ್ಕಾಗಲಿ ಒಂದು ಸೆಂಟಿಮೀಟರ್‌ಗಿಂತ ಹೆಚ್ಚು ಹಬ್ಬದೆ, ಗಂಟು ಇಲ್ಲದೆ ಅಥವಾ ಒಂದು ಸಣ್ಣ ಗಂಟು ಮಾತ್ರ ಇದ್ದರೆ, ಎದುರು ಪಕ್ಕವನ್ನು ಮುಟ್ಟದೆ ಬಿಡಬಹುದು. ಅಂಥವರಲ್ಲಿ ಎದುರು ಕತ್ತಿನಲ್ಲಿ ರೋಗ ಮರಳುವುದು ನೂರರಲ್ಲಿ ಎರಡು-ಮೂರರ ಆಸುಪಾಸು. ಪ್ರತಿಯಾಗಿ ಒಂದು ಪಕ್ಕದ ಜೊಲ್ಲು ಪೂರ್ತಿ ಉಳಿಯುತ್ತದೆ. ಗಡ್ಡೆ ನಾಲಿಗೆ ಬುಡದ ನಡುಗೆರೆಯ ಹತ್ತಿರ ಇದ್ದರೆ ಇದು ಸಲ್ಲದು. ಅಲ್ಲಿನ ದುಗ್ಧನಾಳಗಳು ಎರಡೂ ಕಡೆಗೆ ಹರಿಯುತ್ತವೆ.

ರೋಗ ಕಾಣದಿದ್ದರೂ ಮುನ್ನೆಚ್ಚರಿಕೆಗೆಂದು ವಿಕಿರಣ ಕೊಡುವ ಕತ್ತಿನ ಭಾಗಕ್ಕೆ ರೂಢಿಯಲ್ಲಿ 50ರಿಂದ 56 ಗ್ರೇ. ಅದನ್ನು 40ರ ಹತ್ತಿರಕ್ಕೆ ಇಳಿಸುವ ಪ್ರಯೋಗಗಳು ನಡೆದಿವೆ. ಬರಿಗಣ್ಣಿಗೆ ಕಾಣುವ ಗಡ್ಡೆಯ ಡೋಸ್ ಕಡಿಯುವುದಕ್ಕಿಂತ ಇಲ್ಲಿ ಕಡಿಯುವುದೇ ಸರಿಯಾದ ದಿಕ್ಕು ಎಂಬುದು ನಮ್ಮ ಎಣಿಕೆ.

ಪ್ಲಾನ್ ನೋಡುವಾಗ ಒಂದು ಎಚ್ಚರ. ಅಂಗದ ಸಂಖ್ಯೆ ಚೆಂದ ಕಾಣಲೆಂದು ಗಡ್ಡೆಯ ಅಂಚಿನ ಡೋಸ್ ಇಳಿಸಿದ ಪ್ಲಾನ್ ಕೆಟ್ಟ ಪ್ಲಾನ್. ಗಡ್ಡೆ ಪ್ಯಾರೋಟಿಡ್‌ಗೆ ತಾಗಿಕೊಂಡಿದ್ದರೆ ಆ ಪಕ್ಕದ ಗ್ರಂಥಿಯನ್ನು ಬಿಟ್ಟುಕೊಡಲೇಬೇಕು. ಉಳಿಸಲು ಹೋದ ಕಡೆಯಲ್ಲೇ ರೋಗ ಮರಳಿದರೆ ಎರಡನೇ ಸಲ ವಿಕಿರಣ ಕೊಡುವುದು ಬಹಳ ಕಷ್ಟ.

ಶುರುವಾಗುವ ಮುಂಚಿನ ಎರಡು-ಮೂರು ವಾರ

ಹಲ್ಲಿನ ಡಾಕ್ಟರು ಮೊದಲು. ಕೀಳಬೇಕಾದ ಹಲ್ಲನ್ನು ವಿಕಿರಣಕ್ಕೆ ಕನಿಷ್ಠ ಎರಡು ವಾರ ಮುಂಚೆ ಕೀಳಿಸಬೇಕು, ಗಾಯ ಮಾಗಲು ಅಷ್ಟು ಸಮಯ ಬೇಕು. ಕೀಳಬೇಕಾದದ್ದು ಹೆಚ್ಚು ಡೋಸ್ ಬೀಳುವ ಜಾಗದ, ಉಳಿಸಲಾಗದ ಹಲ್ಲುಗಳನ್ನು ಮಾತ್ರ. “ಎಲ್ಲಾ ಹಲ್ಲು ಕಿತ್ತುಬಿಡಿ” ಎನ್ನುವುದು ಹಳೆಯ ಕಾಲದ ಮಾತು.

ನುಂಗುವ ವ್ಯಾಯಾಮ ಕಲಿಸುವ ಸ್ಪೀಚ್ ಥೆರಪಿಸ್ಟ್‌ರನ್ನು ಗಂಟಲು ನೋಯುವ ಮುಂಚೆ ಕಾಣಿ. ನೋವು ಶುರುವಾದ ಮೇಲೆ ಕಲಿಯಲಾಗುವುದಿಲ್ಲ. ಸಿಸ್‌ಪ್ಲಾಟಿನ್ ಇದ್ದರೆ ಕಿವಿಯ ಪರೀಕ್ಷೆ, ಮೂತ್ರಪಿಂಡದ ಪರೀಕ್ಷೆ ಮಾಡಿಸಿ ಆರಂಭದ ಅಂಕಿ ಬರೆದಿಡಿ. ಸಿಸ್‌ಪ್ಲಾಟಿನ್ ಅನ್ನು ಮೂರು ವಾರಕ್ಕೊಮ್ಮೆ ಚದರ ಮೀಟರ್‌ಗೆ 100 ಮಿಲಿಗ್ರಾಂ, ಅಥವಾ ವಾರಕ್ಕೊಮ್ಮೆ 40 ಕೊಡುತ್ತಾರೆ. ಒಟ್ಟು 200 ತಲುಪಿದರೆ ಲಾಭದ ಬಹುಪಾಲು ಸಿಕ್ಕಿದಂತೆ. ಕಿವಿಯಲ್ಲಿ ಗುಂಯ್‌ಗುಟ್ಟುವಿಕೆ ಶುರುವಾದರೆ ಮುಚ್ಚಿಡಬೇಡಿ, ಮುಂದಿನ ಡೋಸ್‌ಗೆ ಮುಂಚೆ ಹೇಳಿ. ಹೋದ ಶ್ರವಣ ಮರಳುವುದಿಲ್ಲ.

ಸಿಗರೇಟು ಬಿಡುವುದು ಇಲ್ಲಿ ಉಪದೇಶವಲ್ಲ, ಡೋಸ್ ಲೆಕ್ಕ. ವಿಕಿರಣ ಕೆಲಸ ಮಾಡಲು ಗಡ್ಡೆಯಲ್ಲಿ ಆಮ್ಲಜನಕ ಬೇಕು. ಹೊಗೆಯ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಅದರ ಜಾಗ ಹಿಡಿಯುತ್ತದೆ. ಸೇದುತ್ತಾ 70 ಗ್ರೇ ತೆಗೆದುಕೊಂಡರೆ ಅಡ್ಡಪರಿಣಾಮ ಪೂರ್ತಿ, ಫಲ ಕಡಿಮೆ.

ಏಳು ವಾರ

ಮೊದಲ ವಾರ ಏನೂ ಅನಿಸುವುದಿಲ್ಲ. ಎರಡನೇ ವಾರದ ಕೊನೆಗೆ ರುಚಿ ಹೋಗಿ, ಬಾಯಲ್ಲಿ ಹುಣ್ಣು ಶುರುವಾಗುತ್ತದೆ. ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಬೆರೆಸಿ ದಿನಕ್ಕೆ ಆರೆಂಟು ಸಲ ಬಾಯಿ ಮುಕ್ಕಳಿಸಿ ಉಗಿಯಿರಿ. ದಿನವೂ ಹೊಸದಾಗಿ ಮಾಡಿಕೊಳ್ಳಿ. ಆಲ್ಕೋಹಾಲ್ ಇರುವ ಮೌತ್‌ವಾಶ್ ಬೇಡವೇ ಬೇಡ. ಬೆಂಜಿಡಮೈನ್ ಮೌತ್‌ವಾಶ್ ಹುಣ್ಣನ್ನು ಹದ್ದುಬಸ್ತಿನಲ್ಲಿಡಲು ನೆರವಾಗುತ್ತದೆ, ಮೊದಲ ವಾರದಿಂದಲೇ ಬಳಸಬೇಕು. ಬಾಯೊಳಗೆ ಕಡಿಮೆ ಶಕ್ತಿಯ ಕೆಂಪು ಲೇಸರ್ ಬೆಳಕು ಹಾಯಿಸುವ ಫೋಟೋಬಯೋಮಾಡ್ಯುಲೇಷನ್ ಸೌಲಭ್ಯ ನಿಮ್ಮ ಕೇಂದ್ರದಲ್ಲಿದ್ದರೆ ಅದನ್ನೂ ಹುಣ್ಣು ಬರುವ ಮುಂಚೆಯೇ ಶುರು ಮಾಡಿಸಿ. ಸುಕ್ರಾಲ್‌ಫೇಟ್ ಬಾಯಿಹುಣ್ಣಿಗೆ ಕೆಲಸ ಮಾಡುವುದಿಲ್ಲ.

ನೋವಿನ ಮಾತ್ರೆಯನ್ನು ಗಡಿಯಾರ ನೋಡಿ ತೆಗೆದುಕೊಳ್ಳಬೇಕು, ನೋವು ನೋಡಿ ಅಲ್ಲ. ಊಟಕ್ಕೆ ಅರ್ಧ ಗಂಟೆ ಮುಂಚೆ ಒಂದು ಡೋಸ್ ಬೀಳುವಂತೆ ಹೊಂದಿಸಿಕೊಳ್ಳಿ. ನಾಲ್ಕನೇ ವಾರಕ್ಕೆ ಮಾರ್ಫಿನ್ ಬೇಕಾದರೆ ಅದು ಸೋಲಲ್ಲ. ಅದರ ಜೊತೆಗೇ ಮಲಬದ್ಧತೆಯ ಔಷಧಿಯೂ ಶುರುವಾಗಬೇಕು, ಮೂರು ದಿನ ಕಟ್ಟಿಕೊಂಡ ಮೇಲಲ್ಲ.

ತೂಕವನ್ನು ವಾರಕ್ಕೆರಡು ಸಲ ಒಂದೇ ತಕ್ಕಡಿಯಲ್ಲಿ ನೋಡಿ. ದಿನಕ್ಕೆ ಕೆ.ಜಿ. ತೂಕಕ್ಕೆ ಸುಮಾರು 30 ಕ್ಯಾಲರಿ, ಕನಿಷ್ಠ 1.2 ಗ್ರಾಂ ಪ್ರೋಟೀನ್ ಬೇಕು. 60 ಕೆ.ಜಿ. ಇರುವವರಿಗೆ 1,800 ಕ್ಯಾಲರಿ, 72 ಗ್ರಾಂ ಪ್ರೋಟೀನ್. ಕತ್ತು ಸಣಕಲಾದರೆ ಮಾಸ್ಕ್ ಒಳಗೆ ತಲೆ ಆಡುತ್ತದೆ, ಪ್ಯಾರೋಟಿಡ್ ಒಳಕ್ಕೆ ಸರಿದು ಹೆಚ್ಚು ಡೋಸಿನ ವಲಯಕ್ಕೆ ಬೀಳುತ್ತದೆ. ಕಾಗದದ ಮೇಲೆ 24 ಗ್ರೇ ಇದ್ದದ್ದು ದೇಹದಲ್ಲಿ ಅದಕ್ಕಿಂತ ಹೆಚ್ಚಾಗುವುದು ಹೀಗೆ. ತೂಕ ಶೇ 10ರಷ್ಟು ಇಳಿದರೆ, ಅಥವಾ ಮಾಸ್ಕ್ ಮತ್ತು ಕೆನ್ನೆಯ ನಡುವೆ ಬೆರಳು ತೂರುವಂತಾದರೆ, ಮರುಸ್ಕ್ಯಾನ್, ಮರುಪ್ಲಾನ್ ಬೇಕೇ ಎಂದು ಕೇಳಿ. ಮಾಸ್ಕ್ ಸಡಿಲವಾದದ್ದು ಮೊದಲು ಗೊತ್ತಾಗುವುದು ಒಳಗೆ ಮಲಗಿದವರಿಗೆ. “ಈಗ ಆರಾಮಾಗಿದೆ” ಎಂದು ಖುಷಿಪಟ್ಟು ಸುಮ್ಮನಿರುವವರೇ ಹೆಚ್ಚು.

ಮೂಗಿನ ನಳಿಕೆ ಅಥವಾ ಹೊಟ್ಟೆಯ ನಳಿಕೆ ಹಾಕಿದರೂ ನುಂಗುವುದನ್ನು ನಿಲ್ಲಿಸಬೇಡಿ. ಸ್ಪೀಚ್ ಥೆರಪಿಸ್ಟ್ ಸುರಕ್ಷಿತ ಎಂದಿದ್ದರೆ ದಿನಕ್ಕೆ ಹಲವು ಸಲ ಗುಟುಕು ನೀರನ್ನಾದರೂ ನುಂಗಿ. ವಾರಗಟ್ಟಲೆ ಸುಮ್ಮನಿದ್ದ ಸ್ನಾಯು ಬಿಗಿದುಕೊಳ್ಳುತ್ತದೆ. ನಳಿಕೆ ತೆಗೆದ ಮೇಲೂ ನುಂಗಲಾಗದೆ ಉಳಿಯುವವರಲ್ಲಿ ಹಲವರಿಗೆ ವಿಕಿರಣದಷ್ಟೇ ಈ ಸುಮ್ಮನಿರುವಿಕೆಯೂ ಕಾರಣ.

ರಜೆ ಹಾಕಬೇಡಿ. ಚಿಕಿತ್ಸೆ ಒಂದು ದಿನ ಉದ್ದವಾದರೆ ಗಡ್ಡೆಯ ಮೇಲಿನ ಹಿಡಿತ ಶೇ 1ರಿಂದ 1.4ರಷ್ಟು ಸಡಿಲವಾಗುತ್ತದೆ ಎಂಬುದು ಒಪ್ಪಿತ ಅಂದಾಜು. ಉಳಿದ ಗಡ್ಡೆ ಕೋಶಗಳು ನಡುವೆ ಬಿಡುವು ಸಿಕ್ಕರೆ ವೇಗವಾಗಿ ಮರುಬೆಳೆಯುತ್ತವೆ. ಯಂತ್ರ ಕೆಟ್ಟು ಒಂದು ದಿನ ತಪ್ಪಿದರೆ ಅದನ್ನು ಕೊನೆಗೆ ಸೇರಿಸಿದರೆ ಸಾಲದು. ಅದೇ ವಾರ ಶನಿವಾರ ಕೊಡಬೇಕು, ಅಥವಾ ಒಂದೇ ದಿನ ಕನಿಷ್ಠ ಆರು ಗಂಟೆ ಬಿಟ್ಟು ಎರಡು ಕಂತು ಕೊಡಬೇಕು. ನೋವು ತಡೆಯಲಾಗದೆ ವಾರ ಬಿಟ್ಟು ಬರುತ್ತೇವೆನ್ನುವುದು ಎಲ್ಲಕ್ಕಿಂತ ದುಬಾರಿಯ “ಡೋಸ್ ಇಳಿಕೆ”. ನೋವು, ನಳಿಕೆ, ನೀರಿನಂಶ ಸರಿಮಾಡಿಕೊಂಡು ಕಂತು ಮುಂದುವರಿಸುವ ದಾರಿ ಹೆಚ್ಚಾಗಿ ಇರುತ್ತದೆ.

ಕೀಮೋ ನಡುವೆ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಒಂದು ದಿನ ಪೂರ್ತಿ ನೀರು ಇಳಿಯದಿದ್ದರೆ, ಬಾಯಿಂದ ರಕ್ತ ಬಂದರೆ, ಉಸಿರೆಳೆಯುವಾಗ ಸೀಟಿಯಂಥ ಸದ್ದು ಬಂದರೆ, ನುಂಗಿದಾಗಲೆಲ್ಲ ಕೆಮ್ಮಿ ಜ್ವರವೂ ಬಂದರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಆಗಲೇ ಹೊರಡಿ.

ಮುಗಿದ ಮೇಲೆ

ಕೊನೆಯ ಕಂತಿನ ನಂತರದ ಒಂದೆರಡು ವಾರ ಎಲ್ಲಕ್ಕಿಂತ ಕಷ್ಟದ್ದು. ಮುಗಿಯಿತೆಂದು ನೋವಿನ ಔಷಧಿ, ನಳಿಕೆ ಕಿತ್ತೊಗೆಯಬೇಡಿ.

ರೋಗ ಉಳಿದಿದೆಯೇ ನೋಡುವ ಪೆಟ್-ಸಿಟಿ ಸ್ಕ್ಯಾನ್ 12 ವಾರಕ್ಕೆ, ಮುಂಚೆ ಅಲ್ಲ. ಬೇಗ ಮಾಡಿಸಿದರೆ ಸುಟ್ಟ ಜಾಗದ ಉರಿಯೂತವೇ ಕ್ಯಾನ್ಸರಿನಂತೆ ಹೊಳೆದು, ಬೇಡದ ಬಯಾಪ್ಸಿಗೆ ದಾರಿ. ಸರಿಯಾದ ಸಮಯದ ಸ್ಕ್ಯಾನ್ ಇನ್ನೊಂದು ಆಪರೇಷನ್ನನ್ನೇ ಉಳಿಸಬಹುದು. 2016ರ ಪೆಟ್-ನೆಕ್ ಪ್ರಯೋಗದಲ್ಲಿ ಸ್ಕ್ಯಾನ್ ನೋಡಿ ತೀರ್ಮಾನಿಸಿದ 282 ಜನರಲ್ಲಿ ಕತ್ತಿನ ಆಪರೇಷನ್ ಆದದ್ದು 54 ಮಂದಿಗೆ, ನೇರ ಆಪರೇಷನ್‌ಗೆಂದು ಗೊತ್ತುಮಾಡಿದ ಅಷ್ಟೇ ಜನರ ಗುಂಪಿನಲ್ಲಿ 221 ಮಂದಿಗೆ. ಬದುಕುಳಿವಿನಲ್ಲಿ ಸ್ಕ್ಯಾನ್ ಗುಂಪು ಹಿಂದೆ ಬೀಳಲಿಲ್ಲ.

ಬಾಯಿ ಎಷ್ಟು ತೆರೆಯುತ್ತದೆಂದು ತಿಂಗಳಿಗೊಮ್ಮೆ ಅಳೆಯಿರಿ. ಮೇಲಿನ-ಕೆಳಗಿನ ಮುಂದಿನ ಹಲ್ಲುಗಳ ನಡುವೆ 35 ಮಿಲಿಮೀಟರ್‌ಗಿಂತ ಕಡಿಮೆಯಾದರೆ ದವಡೆ ಬಿಗಿಯುತ್ತಿದೆ ಎಂದರ್ಥ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಒಳಗೆ ಹೋಗುತ್ತದೆಯೇ ನೋಡುವುದು ಅಂದಾಜಿನ ಅಳತೆ. ಹಿಗ್ಗಿಸುವ ವ್ಯಾಯಾಮ ಬೇಗ ಶುರುವಾದಷ್ಟೂ ಫಲ ಹೆಚ್ಚು. ಕತ್ತಿಗೆ ವಿಕಿರಣ ಬಿದ್ದವರಲ್ಲಿ ಥೈರಾಯ್ಡ್ ನಿಧಾನವಾಗಿ ಸೋಲಬಹುದು, ಆದ್ದರಿಂದ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಟಿಎಸ್‌ಎಚ್ ಪರೀಕ್ಷೆ. ಚಿಕಿತ್ಸೆ ಮುಗಿದು ವರ್ಷಗಳಾದ ಮೇಲೆ ಕಾಡುವ ಸುಸ್ತು, ಚಳಿ, ತೂಕ ಏರಿಕೆಗೆ ಕೆಲವೊಮ್ಮೆ ಇದೇ ಕಾರಣವಾಗಿರುತ್ತದೆ.

ಜೊಲ್ಲು ಒಂದೆರಡು ವರ್ಷದವರೆಗೂ ಸ್ವಲ್ಪಸ್ವಲ್ಪವೇ ಮರಳುತ್ತಿರುತ್ತದೆ. ಜೊಲ್ಲು ಕಡಿಮೆಯಾದ ಬಾಯಲ್ಲಿ ಹಲ್ಲು ಬುಡದಿಂದ ಕೊಳೆಯುತ್ತದೆ. ಹಾಗಾಗಿ ಹೆಚ್ಚು ಫ್ಲೋರೈಡ್ ಇರುವ, 5,000 ಪಿಪಿಎಂ ಪೇಸ್ಟ್ ಜೀವನವಿಡೀ ಬೇಕು. ರಾತ್ರಿ ಉಜ್ಜಿ ಉಗಿಯಿರಿ, ನೀರಿನಿಂದ ತೊಳೆಯಬೇಡಿ. ಪ್ಲಾನಿನ ಮುದ್ರಿತ ಪ್ರತಿ, ಅದರಲ್ಲೂ ದವಡೆಮೂಳೆಯ ಯಾವ ಭಾಗಕ್ಕೆ ಎಷ್ಟು ಗ್ರೇ ಬಿದ್ದಿದೆ ಎಂದು ತೋರಿಸುವ ಪುಟ, ಕೇಳಿ ಪಡೆದು ಫೈಲಿನಲ್ಲಿಡಿ. ಹತ್ತು ವರ್ಷದ ಬಳಿಕ ಯಾವುದೋ ಊರಿನ ಹಲ್ಲಿನ ಡಾಕ್ಟರು ಒಂದು ಹಲ್ಲು ಕೀಳಲು ಇಕ್ಕಳ ಕೈಗೆತ್ತಿಕೊಳ್ಳುವ ಮುಂಚೆ ನೋಡಬೇಕಾದ ಹಾಳೆ ಅದು. 60 ಗ್ರೇ ಬಿದ್ದ ಮೂಳೆಯಲ್ಲಿ ಹಲ್ಲು ಕಿತ್ತ ಗಾಯ ಮಾಯದೆ, ಮೂಳೆಯೇ ಸತ್ತುಹೋಗಬಹುದು. 30 ಗ್ರೇ ಬಿದ್ದ ಎದುರು ಪಕ್ಕದಲ್ಲಿ ಆ ಭಯ ಬಹಳ ಕಡಿಮೆ.